ವಯಸ್ಸಾಗದ ಅಜ್ಜಿ

ನನ್ನ ಹೆಂಡತಿಗೂ ನನಗೂ ಪರಿಚಯವಾದದ್ದು ಒಂದು ಸ್ಟೂಲಿನ ದೆಸೆಯಿಂದ. ಆಗ ನನ್ನದೊಂದು ಸಣ್ಣ ಮರಗೆಲಸದ ಅಂಗಡಿ ಇತ್ತು. ಒಂದು ಬೆಳಿಗ್ಗೆ ಒಬ್ಬ ಹುಡುಗಿ ಸ್ಟೂಲನ್ನು ತಲೆಕೆಳಗಾಗಿ ಹಿಡಿದುಕೊಂಡು ಬಂದು ನನ್ನ ಮೇಜಿನ ಮೇಲೆ ಕುಕ್ಕಿದಳು.

"ಇದರ ಒಂದು ಕಾಲು ಗಿಡ್ಡ," ಅಂದಳು.

"ನಿಮ್ಮನೆ ನೆಲ ಸರಿ ಇರ್ಲಿಕ್ಕಿಲ್ಲ," ಅಂದೆ. ಮರಗೆಲಸದವರೆಲ್ಲ ಮೊದಲು ಹೇಳುವುದೇ ಅದನ್ನು.

ಅವಳು ಚೀಲದಿಂದ ಒಂದು ದಾರ ತೆಗೆದಳು. ಅದರಲ್ಲಿ ಎರಡು ಗಂಟು, ಒಂದಕ್ಕೊಂದು ತಾಗುವಷ್ಟು ಹತ್ತಿರ. ಮೂರು ಕಾಲು ಒಂದು ಗಂಟಿಗೆ ಸರಿಯಾಗಿ ಬಂದವು. ನಾಲ್ಕನೆಯದು ಇನ್ನೊಂದು ಗಂಟಿಗೇ ನಿಂತಿತು.

"ನೆಲಾನ ನಂಬಲ್ಲ ಅಂತಾನೇ ದಾರದಲ್ಲಿ ಅಳೆದೆ. ನಿಮ್ಮನ್ನೂ ನಂಬಲ್ಲ. ನನ್ನೆದುರಿಗೇ ಸರಿ ಮಾಡಿಕೊಡಿ."

ಇಂಥವಳನ್ನು ಕಟ್ಟಿಕೊಂಡರೆ ನನ್ನ ಗತಿಯೇನು ಎಂದು ಆವತ್ತೇ ಯೋಚಿಸಬೇಕಿತ್ತು. ಯೋಚಿಸಲಿಲ್ಲ. ಇಪ್ಪತ್ತೆರಡು ವರ್ಷವಾಯಿತು.

ಹಾಲಿನವನು ಅಳೆದು ಕೊಟ್ಟ ಹಾಲನ್ನು ಅವಳು ಒಳಗೆ ಹೋಗಿ ತನ್ನ ಲೋಟದಲ್ಲಿ ಇನ್ನೊಮ್ಮೆ ಅಳೆಯುತ್ತಾಳೆ. ಬಾಗಿಲಿಗೆ ಬೀಗ ಹಾಕಿ, ಎಳೆದು ನೋಡಿ, ಬೀದಿಯ ತಿರುವಿನವರೆಗೆ ಹೋಗಿ, ವಾಪಸು ಬಂದು ಮತ್ತೆ ಎಳೆಯುತ್ತಾಳೆ. ನಮ್ಮ ಮನೆಯಲ್ಲಿ ಮೂರು ಗಡಿಯಾರಗಳಿವೆ. ಎರಡು ಒಂದೇ ಸಮಯ ತೋರಿಸಿದರೆ, ಅವೆರಡೂ ಸೇರಿಕೊಂಡು ಸುಳ್ಳು ಹೇಳುತ್ತಿರಬಹುದಲ್ಲ ಎನ್ನುವುದು ಅವಳ ವಾದ. "ಸೊಸೆ ಒಳ್ಳೆಯವಳೇ ಕಣಪ್ಪಾ, ಆದ್ರೆ ನಾನು ಸತ್ರೂ ಮೂಗಿನ ಹತ್ರ ಕೈ ಇಟ್ಟು ಮೂರು ಸಲ ನೋಡ್ತಾಳೆ," ಎಂದು ನನ್ನ ತಾಯಿ ಹೇಳುತ್ತಿದ್ದರು. ಹಾಗೇ ಆಯಿತು. ಮೂರಲ್ಲ, ನಾಲ್ಕು ಸಲ ನೋಡಿದಳು. ಆಮೇಲೆ ಗೋಡೆಗೆ ಒರಗಿ, ಬಿಕ್ಕಿ ಬಿಕ್ಕಿ ಅತ್ತಳು.

ಊರಿನ ಅಂಚಿನಲ್ಲಿ ಸೋಲಾರ್ ಹಲಗೆಗಳ ಫ್ಯಾಕ್ಟರಿ ಶುರುವಾದಾಗ ನಾವಿಬ್ಬರೂ ಅಲ್ಲಿಗೆ ಸೇರಿದೆವು. ಮಾಮೂಲಿ ಸೋಲಾರ್ ಹಲಗೆಯಲ್ಲಿ ಸಿಲಿಕಾನ್ ಬಿಲ್ಲೆಗಳನ್ನು ಜೋಡಿಸಿರುತ್ತಾರೆ. ಇಲ್ಲಿ ಹಾಗಲ್ಲ. ದೊಡ್ಡ ಗಾಜನ್ನು ತೊಳೆದು, ಗಾಳಿಯನ್ನೆಲ್ಲ ಹೀರಿ ತೆಗೆದ ಪೆಟ್ಟಿಗೆಯೊಳಗೆ ಕಳಿಸಿ, ಅದರ ಮೇಲೆ ಕೂದಲಿಗಿಂತ ಎಷ್ಟೋ ತೆಳುವಾದ ಪದರಗಳನ್ನು ಒಂದರ ಮೇಲೊಂದು ಕೂರಿಸುತ್ತಾರೆ. ಬಿಸಿಲು ಬಿದ್ದರೆ ಆ ತೆಳು ಲೇಪವೇ ಕರೆಂಟು ಕೊಡುತ್ತದೆ. ಹಲಗೆಗಳನ್ನು ಕಳಿಸುವ ಮರದ ಪೆಟ್ಟಿಗೆ ಮಾಡುವುದು ನನ್ನ ಕೆಲಸ. ಅವಳದು ಗಾಜು ತೊಳೆಯುವ ಕಡೆ. ಬೇರೆಯವರು ತೊಳೆದ ಗಾಜನ್ನು ಒಮ್ಮೆ ನೋಡಿ ಮುಂದೆ ತಳ್ಳಿದರೆ, ಇವಳು ನಾಲ್ಕೂ ದಿಕ್ಕಿನಿಂದ ಬಗ್ಗಿ ಬಗ್ಗಿ ನೋಡಿ ವಾಪಸು ಕಳಿಸುತ್ತಿದ್ದಳು. ಅದನ್ನು ಕಂಡ ಸಾಹೇಬರು ಅವಳನ್ನು ಫ್ಯಾಕ್ಟರಿಯ ಹಿಂಭಾಗದ ಸಂಶೋಧನೆ ರೂಮಿಗೆ ಹಾಕಿದರು. ಮನೆಯಲ್ಲಿ ಬೈಸಿಕೊಳ್ಳುತ್ತಿದ್ದ ಗುಣಕ್ಕೆ ಅಲ್ಲಿ ಸಂಬಳ ಕೊಟ್ಟರು ನೋಡಿ!

ಆ ರೂಮಿನಲ್ಲಿ ಒಂಬತ್ತು ಜನ. ಹೊಸ ಹೊಸ ಲೇಪಗಳನ್ನು ಹೆಬ್ಬೆರಳಿನಷ್ಟು ಗಾಜಿನ ತುಂಡುಗಳ ಮೇಲೆ ಮಾಡಿ ನೋಡುವುದು ಅವರ ಕೆಲಸ. ಆ ತುಂಡುಗಳನ್ನು ದೊಡ್ಡ ದೀಪದ ಕೆಳಗಿಟ್ಟು ಅಳೆಯುವುದು ನನ್ನ ಹೆಂಡತಿಯದು. ನೂರು ಪಾಲು ಬೆಳಕು ಬಿದ್ದರೆ ಎಷ್ಟು ಪಾಲು ಕರೆಂಟಾಯಿತು, ಅಷ್ಟೇ ಪ್ರಶ್ನೆ. ಎದುರಿಗೆ ಅವಳನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದರು. ಬೆನ್ನ ಹಿಂದೆ ಅನುಮಾನಮ್ಮ.

ಅಳೆಯುವಾಗ ತುಂಡಿನ ಮೇಲೆ ಒಂದು ತೆಳು ಅಲ್ಯೂಮಿನಿಯಂ ತಗಡು ಮುಚ್ಚುತ್ತಾರೆ. ತಗಡಿಗೆ ಕಪ್ಪು ಬಣ್ಣ, ನಡುವೆ ಒಂದು ಚೌಕ ತೂತು, ಐದು ಮಿಲಿಮೀಟರ್ ಉದ್ದ, ಐದು ಮಿಲಿಮೀಟರ್ ಅಗಲ. ಆ ತೂತಿನಿಂದ ಬಿದ್ದ ಬೆಳಕಷ್ಟೇ ಲೆಕ್ಕಕ್ಕೆ. ಆ ರೂಮಿನವರು ಅದನ್ನು ಕಿಟಕಿ ಎಂದು ಕರೆಯುತ್ತಿದ್ದರು. ದೀಪ ಸರಿಯಿದೆಯೋ ಇಲ್ಲವೋ ನೋಡಲು ಬೇರೆಯದೇ ಉಪಕರಣವಿತ್ತು, ಅದಕ್ಕೆ ಕಿಟಕಿಯ ಹಂಗಿರಲಿಲ್ಲ.

ಇನ್ನೊಂದು ವಸ್ತುವಿತ್ತು, ಅದರ ಹೆಸರು ಅಜ್ಜಿ. ಎಂಟು ವರ್ಷದ ಹಿಂದೆ ಆ ರೂಮಿನಲ್ಲಿ ಮೊಟ್ಟಮೊದಲು ಸರಿಯಾಗಿ ಬಂದ ತುಂಡು ಅದು. ಅದರ ಗಾಜನ್ನು ತೊಳೆದವಳು ನನ್ನ ಹೆಂಡತಿಯೇ. ಆವತ್ತು ಅಳೆದಾಗ ಹನ್ನೆರಡು ಪಾಲು ಬಂದಿತ್ತು. ಆಮೇಲೆ ಅದನ್ನು ಕತ್ತಲೆ ಡಬ್ಬಿಯಲ್ಲಿಟ್ಟು, ಸೋಮವಾರಕ್ಕೊಮ್ಮೆ ಹೊರತೆಗೆದು ಅಳೆಯುತ್ತಿದ್ದರು. ಇಂಥ ಲೇಪಕ್ಕೆ ವರ್ಷ ಕಳೆದಂತೆ ಸ್ವಲ್ಪ ಸ್ವಲ್ಪ ಸುಸ್ತು ಬರುವುದು ಸಹಜವಂತೆ. ಆದರೆ ಅಜ್ಜಿ ಪ್ರತಿ ಸೋಮವಾರವೂ ಹನ್ನೆರಡೇ. ಯಾರಾದರೂ ದೊಡ್ಡವರು ಫ್ಯಾಕ್ಟರಿ ನೋಡಲು ಬಂದರೆ ಸಾಹೇಬರು ಡಬ್ಬಿ ತೆರೆಸಿ, "ನಮ್ಮ ಅಜ್ಜಿಗೆ ವಯಸ್ಸೇ ಆಗಲ್ಲ ಸಾರ್," ಎಂದು ನಗುತ್ತಿದ್ದರು. ಇವಳು ಪಕ್ಕದಲ್ಲಿ ನಿಂತು ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ಹೆಮ್ಮೆಯಾದಾಗ ಅವಳು ಮಾಡುವುದು ಅದೇ.

ಸೋಮವಾರ ಅಜ್ಜಿಯನ್ನು ಅಳೆಯುವ ಮುಂಚೆ ಅವಳದೊಂದು ನೇಮವಿತ್ತು. ಕಿಟಕಿಯ ಅಂಚಿನಲ್ಲಿ ಧೂಳೋ ಬಣ್ಣದ ಚೂರೋ ಕೂತು ಬೆಳಕು ತಿನ್ನುತ್ತದೆ ಎಂದು ಅವಳಿಗೆ ಗುಮಾನಿ. ಹಾಗಾಗಿ ನನ್ನ ಶೆಡ್ಡಿನಿಂದ ಅತಿ ನುಣುಪಾದ ಪಾಲಿಶ್ ಪೇಪರಿನ ಸವೆದ ಚೂರುಗಳನ್ನು ಒಯ್ಯುತ್ತಿದ್ದಳು. ಬೆಂಕಿಕಡ್ಡಿಗೆ ಅದನ್ನು ಸುತ್ತಿ ಅಂಚಿಗೆ ಮೆಲ್ಲಗೆ ಒಂದೆರಡು ಸಲ ಆಡಿಸಿ, ಹೊಳೆಯುವ ಕಡೆ ಕಪ್ಪು ಮಸಿ ಮುಟ್ಟಿಸಿ, ಊದಿ ಇಡುತ್ತಿದ್ದಳು. ಚೂರು ಮುಗಿದರೆ ನಾನೇ ಕೇಳಿ ಕೊಡುತ್ತಿದ್ದೆ. ಪೆಟ್ಟಿಗೆ ಮಾಡುವವನಿಗೂ ಸಂಶೋಧನೆಯಲ್ಲಿ ಪಾಲು ಸಿಕ್ಕಿತು ಎಂದು ತಮಾಷೆ ಮಾಡಿದ್ದೂ ಉಂಟು.

ಹೋದ ವರ್ಷ ಅಲ್ಲಿಗೆ ಒಬ್ಬಳು ಹೊಸ ಹುಡುಗಿ ಬಂದಳು. ಓದಿ ಡಾಕ್ಟರ್ ಎನಿಸಿಕೊಂಡಿದ್ದರಿಂದ ಎಲ್ಲರಿಗೂ ಡಾಕ್ಟರಮ್ಮ. ಗೇಟಿನ ಕಾವಲುಗಾರ ಮೊದಲ ದಿನವೇ ಅವಳಿಗೆ ತನ್ನ ಮಂಡಿ ತೋರಿಸಿ ಮಾತ್ರೆ ಕೇಳಿದ್ದ. ಹುಡುಗಿ ಪಾಪ, ನಗುನಗುತ್ತಲೇ ಇರುತ್ತಿದ್ದಳು, "ಅಕ್ಕ, ಅಕ್ಕ" ಎಂದು ಇವಳ ಹಿಂದೆಯೇ ಸುತ್ತುತ್ತಿದ್ದಳು. ನನ್ನ ಹೆಂಡತಿಗೆ ಅದೂ ಅನುಮಾನವೇ. "ಇಷ್ಟೊಂದು ಅಕ್ಕ ಅಂತಾಳೆ ಅಂದ್ರೆ ಏನೋ ಇದೆ ಕಣ್ರೀ," ಎನ್ನುತ್ತಿದ್ದಳು.

ಅಷ್ಟರಲ್ಲಿ ಮೇಲಿನಿಂದ ಸುದ್ದಿ ಬಂತು. ತಿಂಗಳ ಕೊನೆಯೊಳಗೆ ಚಿಕ್ಕ ತುಂಡು ಇಪ್ಪತ್ತು ಪಾಲು ದಾಟಿದರೆ ಹೊಸ ಲೇಪಕ್ಕೆಂದು ಹೊಸ ಯಂತ್ರಸಾಲು ಹಾಕುತ್ತಾರೆ, ರೂಮು ಉಳಿಯುತ್ತದೆ. ದಾಟದಿದ್ದರೆ ರೂಮಿಗೆ ಬೀಗ. ಗೋಡೆಯ ಮೇಲೆ 'ಪ್ರಗತಿ' ಎಂದು ಬರೆದ ದೊಡ್ಡ ಹಾಳೆಯಿತ್ತು, ವರ್ಷದಿಂದ ವರ್ಷಕ್ಕೆ ಗೆರೆ ಮೇಲೇರುತ್ತ ಹದಿನೆಂಟರ ಹತ್ತಿರ ನಿಂತಿತ್ತು. ಒಂಬತ್ತು ಜನರೂ ದಿನಾ ಬೆಳಿಗ್ಗೆ ಆ ಹಾಳೆಯನ್ನು ನೋಡಿಯೇ ಕೋಟು ತೊಡುತ್ತಿದ್ದರು.

ಒಂದು ಗುರುವಾರ ಡಾಕ್ಟರಮ್ಮ ಮಾಡಿದ ತುಂಡು ಇಪ್ಪತ್ತು ಪಾಯಿಂಟ್ ನಾಲ್ಕು ತೋರಿಸಿತು. ಯಾರೋ ಕುರ್ಚಿ ಹತ್ತಿ ಕೂಗಿದರಂತೆ, ಸಾಹೇಬರು ಓಡಿಬಂದರಂತೆ. ನನ್ನ ಹೆಂಡತಿ ಮಾತ್ರ ದೀಪದ ಪಕ್ಕದಿಂದ ಕದಲಲಿಲ್ಲ.

"ಈ ನಂಬರ್ ನಾನು ನಂಬಲ್ಲ," ಅಂದಳು. ಆಮೇಲೆ ಹುಡುಗಿಯ ಕಡೆ ತಿರುಗಿದಳು. "ಮೊನ್ನೆ ಊಟದ ಹೊತ್ತಲ್ಲಿ ಬಾಗಿಲು ಹಾಕ್ಕೊಂಡು ಇದೇ ರೂಮಲ್ಲಿ ಏನ್ಮಾಡ್ತಿದ್ದೆ?"

"ಫೋನ್ ಮಾಡ್ತಿದ್ದೆ ಅಕ್ಕ. ಅಮ್ಮಂಗೆ."

"ಅಮ್ಮಂಗೆ ಫೋನ್ ಮಾಡೋಕೆ ಬಾಗಿಲು ಯಾಕೆ ಹಾಕ್ಬೇಕು?"

ಹುಡುಗಿಯ ಮುಖ ಕೆಂಪಾಯಿತು. "ಅಳ್ತಿದ್ದೆ. ಅದಕ್ಕೆ."

"ವರ್ಷದೊಳಗೆ ಎರಡು ಪಾಲು ಏರುತ್ತಾ? ಎಂಟು ವರ್ಷದಿಂದ ನೋಡ್ತಿದೀನಿ, ನಂಗೆ ಹೇಳ್ಕೊಡ್ಬೇಡ. ಇದ್ರಲ್ಲಿ ನಿನ್ನ ಕೈವಾಡ ಇದೆ."

ಎಲ್ಲರೆದುರಿಗೆ ಹಾಗೆ ಅಂದುಬಿಟ್ಟಳು. ಹುಡುಗಿ ತಾನು ದಿನಾ ಕೆಲಸದ ವಿವರ ಬರೆದಿಟ್ಟಿದ್ದ ಪುಸ್ತಕ ತಂದು ಮೇಜಿನ ಮೇಲಿಟ್ಟಳು. "ಎಲ್ಲಾ ಇದರಲ್ಲಿದೆ. ನೋಡ್ಕೊಳ್ಳಿ ಮೇಡಂ," ಎಂದು ಹೊರಗೆ ಹೋದಳು. ಆವತ್ತಿನಿಂದ ಅಕ್ಕ ಎನ್ನುವುದು ನಿಂತಿತು.

ವರದಿಯ ಕೆಳಗೆ 'ಅಳತೆ ಮಾಡಿದವರು' ಎಂಬ ಜಾಗದಲ್ಲಿ ಇವಳ ಸೈನು ಬೀಳದೆ ಅದು ಮೇಲೆ ಹೋಗುವಂತಿರಲಿಲ್ಲ. ಸೋಮವಾರದವರೆಗೆ ಸಮಯ ಕೇಳಿದಳು. ಸಾಹೇಬರು ಹಲ್ಲು ಕಡಿದುಕೊಂಡು ಹೂಂ ಅಂದರು. ಶನಿವಾರ ಮನೆಗೆ ಬರುವಾಗ, ತಾನಿಲ್ಲದಾಗ ಯಾರಾದರೂ ಬದಲಾಯಿಸಿಯಾರು ಎಂದು ಕಿಟಕಿಯನ್ನೂ ಕರವಸ್ತ್ರದಲ್ಲಿ ಸುತ್ತಿ ಚೀಲದಲ್ಲಿ ಹಾಕಿಕೊಂಡು ಬಂದಿದ್ದಳು.

ಭಾನುವಾರ ಬೆಳಿಗ್ಗೆಯಿಂದ ಹುಡುಗಿಯ ಪುಸ್ತಕ ಹಿಡಿದು ಕೂತಳು. ನೆಲದ ಮೇಲೆ ಕಾಲು ಚಾಚಿ, ಕನ್ನಡಕ ಮೂಗಿನ ತುದಿಗಿಳಿಸಿ, ಒಂದೊಂದು ಪುಟಕ್ಕೂ ಬೆರಳು ಓಡಿಸುತ್ತ ಹೋದಳು. ತಪ್ಪು ಸಿಗಲಿಲ್ಲ. ತಪ್ಪು ಸಿಗದಿದ್ದಷ್ಟೂ ಅವಳಿಗೆ ಸಿಟ್ಟು. ನಾನು ಚಹಾ ಕೊಟ್ಟರೆ, ಅದಕ್ಕೆ ಸಕ್ಕರೆ ಹಾಕಿದ್ದೀನೋ ಇಲ್ಲವೋ ಎಂದು ಎರಡು ಸಲ ಕೇಳಿದಳು. ನನಗೂ ರೇಗಿತು.

"ಯಾರ್ಯಾರನ್ನೋ ಅನುಮಾನಿಸ್ತೀಯಲ್ಲೇ, ನಿನ್ನ ಅಜ್ಜೀನ ಕೇಳು ಹೋಗು," ಅಂದೆ. "ಎಂಟು ವರ್ಷದಲ್ಲಿ ನನ್ನ ಎರಡು ಹಲ್ಲು ಹೋಯ್ತು, ನಿನ್ನ ಮಂಡಿ ಹೋಯ್ತು, ಈ ಬಾಗಿಲು ಊದ್ಕೊಂಡು ಎರಡು ಸಲ ಹೆರೆದೆ. ಆ ಅಜ್ಜಿಗೊಂದು ಏನೂ ಆಗಿಲ್ಲ. ಏನು ತಿಂತಾಳೆ ಕೇಳು, ನಾವೂ ತಿನ್ನೋಣ."

ಅವಳ ಬೆರಳು ಪುಟದ ನಡುವೆ ನಿಂತಿತು.

"ಏನಂದ್ರಿ?"

"ತಮಾಷೆಗೆ ಅಂದೆ ಮಾರಾಯ್ತಿ."

"ಅಲ್ಲ, ಇನ್ನೊಂದ್ಸಲ ಹೇಳಿ." ನಾನು ಬಾಯಿ ತೆರೆಯುವಷ್ಟರಲ್ಲಿ ಅವಳೇ ಹೇಳಿಕೊಂಡಳು. "ಅಜ್ಜಿಗೆ ವಯಸ್ಸಾಗ್ಬೇಕಿತ್ತು. ಎಲ್ಲರನ್ನೂ ಅನುಮಾನಿಸ್ದೆ ಕಣ್ರೀ, ಅವಳೊಬ್ಬಳನ್ನ ಬಿಟ್ಟು. ನಾನು ತೊಳೆದ ಗಾಜು ಅಂತ."

ದೀಪ ಸರಿಯಿದೆ ಎಂದು ಬೇರೆ ಉಪಕರಣ ಹೇಳುತ್ತದೆ. ಅಜ್ಜಿಯ ಬಲ ಕುಗ್ಗಿರಲೇಬೇಕು. ಆದರೂ ಹನ್ನೆರಡೇ ಬರುತ್ತಿದೆ ಎಂದರೆ ಅವಳ ಮೇಲೆ ಬೀಳುವ ಬೆಳಕು ಹೆಚ್ಚಾಗುತ್ತ ಬಂದಿದೆ. ಇನ್ನು ಉಳಿದದ್ದು ಕಿಟಕಿ. ಚೀಲದಿಂದ ಅದನ್ನು ತೆಗೆದು ಕರವಸ್ತ್ರ ಬಿಚ್ಚಿದಳು.

"ಆ ಹುಡುಗಿ ಇದನ್ನೇ ಬದಲಾಯಿಸಿದಾಳೆ," ಅಂದಳು. ತಿರುವಿ ನೋಡಿದಳು. ಮೂಲೆಯಲ್ಲಿ ಎಂಟು ವರ್ಷದ ಹಿಂದೆ ಅವಳೇ ಸೂಜಿಯಿಂದ ಗೀಚಿದ್ದ ಗುರುತು ಹಾಗೇ ಇತ್ತು. ಬದಲಾಗಿರಲಿಲ್ಲ.

ನಾನು ಭೂತಗನ್ನಡಿ ತಂದೆ. ಮರ ನೋಡಿ ನೋಡಿ ಪಳಗಿದ ಕಣ್ಣು ನನ್ನದು, ಚೌಕಟ್ಟು ಎಲ್ಲಿ ಬಾಗಿದೆ ಎಂದು ದೂರದಿಂದಲೇ ಹೇಳುತ್ತೇನೆ. ತೂತಿನ ನಾಲ್ಕು ಮೂಲೆ ಇದ್ದಲ್ಲೇ ಇದ್ದವು, ಬದಿಗಳು ಮಾತ್ರ ನಡುವೆ ಹೊರಕ್ಕೆ ಉಬ್ಬಿದ ಹಾಗೆ ಕಂಡವು. ಹೊಸ ಬ್ಲೇಡನ್ನು ಮೂಲೆಯಿಂದ ಮೂಲೆಗೆ ತಾಗಿಸಿ ಹಿಡಿದೆ. ಬ್ಲೇಡಿಗೂ ತಗಡಿಗೂ ನಡುವೆ ಸಣ್ಣಗೆ ಬೆಳಕು ಇಣುಕಿತು.

"ಇದನ್ನ ಯಾರೋ ಉಜ್ಜಿದಾರೆ," ಅಂದೆ.

ಅಂದ ಮೇಲೆ ಹೊಳೆಯಿತು. ಅಯ್ಯೋ ಎಂದು ನಾಲಿಗೆ ಕಚ್ಚಿಕೊಂಡೆ. ಅವಳು ಅಟ್ಟಣಿಗೆಯ ಕಡೆ ನೋಡುತ್ತಿದ್ದಳು. ಅಲ್ಲಿ ನನ್ನ ಪಾಲಿಶ್ ಪೇಪರಿನ ಸುರುಳಿಯಿತ್ತು.

ಎಂಟು ವರ್ಷ, ವಾರಕ್ಕೆ ಒಂದೆರಡು ಉಜ್ಜು. ಒಂದು ಸಲಕ್ಕೆ ಕಣ್ಣಿಗೂ ಕಾಣದಷ್ಟು ಸವೆದು ಸವೆದು ತೂತು ದೊಡ್ಡದಾಗಿತ್ತು. ಬೆಳಕು ಹೆಚ್ಚು ಬೀಳುತ್ತಿತ್ತು, ಲೆಕ್ಕ ಮಾತ್ರ ಹಳೆಯ ಐದು ಮಿಲಿಮೀಟರಿನದೇ. ಗೋಡೆಯ ಮೇಲಿನ ಪ್ರಗತಿಯ ಗೆರೆಯಲ್ಲಿ ಎಷ್ಟು ಅವರ ಲೇಪದ್ದು, ಎಷ್ಟು ನನ್ನ ಪಾಲಿಶ್ ಪೇಪರಿನದು ಎಂದು ಲೆಕ್ಕ ಹಾಕತೊಡಗಿದೆ.

"ಸುಮ್ನಿದ್ಬಿಡು," ಅಂದೆ. ನಾಚಿಕೆಯಿಲ್ಲದೆ ಹೇಳುತ್ತಿದ್ದೇನೆ, ಮೊದಲು ನಾನು ಹೇಳಿದ್ದು ಅದನ್ನೇ. "ಯಾರಿಗೂ ಗೊತ್ತಿಲ್ಲ. ನಾಳೆ ಸೈನ್ ಹಾಕು. ಮುಂದಿನ ತಿಂಗಳು ಹೊಸ ಕಿಟಕಿ ಮಾಡಿಸ್ಕೊ. ಒಂಬತ್ತು ಜನದ ಅನ್ನದ ವಿಷಯ."

"ಹೊರಗಿನವರು ಒಂದಲ್ಲ ಒಂದು ದಿನ ಅಳೀತಾರೆ. ಆಗ ಇಪ್ಪತ್ತಕ್ಕಿಂತ ಕಡಿಮೆ ಬರುತ್ತೆ. ಆಗ ಕಳ್ಳಿ ಅಂತ ಯಾರನ್ನ ಅಂತಾರೆ? ತಗಡು ಉಜ್ಜಿದ ನನ್ನನ್ನಲ್ಲ, ತುಂಡು ಮಾಡಿದ ಆ ಹುಡುಗೀನ. ನಾನೊಬ್ಬಳು ಆಗ್ಲೇ ಅಂದಾಯ್ತು. ಇನ್ನು ಊರೆಲ್ಲ ಅನ್ಬೇಕಾ?"

ಅವಳು ಅತ್ತಳು. ಅಮ್ಮ ಹೋದ ದಿನ ಅತ್ತ ಮೇಲೆ ಅವಳು ಅಳುವುದನ್ನು ನಾನು ಕಂಡದ್ದು ಅದೇ ಮೊದಲು.

ಸೋಮವಾರ ಬೆಳಿಗ್ಗೆ, "ನೀವೂ ಬನ್ನಿ, ಒಬ್ಬಳೇ ಹೋಗಲ್ಲ," ಅಂದಳು. ಶೆಡ್ಡಿಗೆ ರಜೆ ಹೇಳಿ ಅವಳ ಜೊತೆ ರೂಮಿಗೆ ಹೋದೆ. ಹಳೆಯ ಕಿಟಕಿಯನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟು ಅಳೆದರು. ಬೀಳಬೇಕಾದದ್ದಕ್ಕಿಂತ ಹತ್ತನೇ ಒಂದು ಪಾಲು ಹೆಚ್ಚು ಬೆಳಕು ಬಿಡುತ್ತಿತ್ತು ಅದು. ಯಂತ್ರದ ಶೆಡ್ಡಿನವರು ಮಧ್ಯಾಹ್ನದೊಳಗೆ ಹೊಸದನ್ನು ಕೊರೆದುಕೊಟ್ಟರು. ಅದರಡಿ ಅಜ್ಜಿಯನ್ನಿಟ್ಟರು. ಹತ್ತು ಪಾಯಿಂಟ್ ಒಂಬತ್ತು. ಅಜ್ಜಿಗೆ ವಯಸ್ಸಾಗಿತ್ತು, ಎಲ್ಲರ ಹಾಗೆ. ಡಾಕ್ಟರಮ್ಮನ ತುಂಡು ಹದಿನೆಂಟೂವರೆಗೆ ನಿಂತಿತು.

ನನ್ನ ಹೆಂಡತಿ ಎಲ್ಲರ ನಡುವೆ ಹೋಗಿ ನಿಂತಳು.

"ಕೈವಾಡ ಇತ್ತು ಅಂದಿದ್ದೆ. ಇತ್ತು. ಈ ಹುಡುಗಿದಲ್ಲ, ನನ್ನದು. ಎಂಟು ವರ್ಷದಿಂದ ಕಿಟಕಿ ಉಜ್ಜಿದ್ದು ನಾನು. ಗುರುವಾರ ಇವಳಿಗೆ ಅಂದ ಮಾತು ತಪ್ಪು. ಎಲ್ಲರೆದುರಿಗೆ ಅಂದಿದ್ದೆ, ಎಲ್ಲರೆದುರಿಗೇ ವಾಪಸ್ ತಗೋತಿದೀನಿ."

ಸಾಹೇಬರು ಬಾಗಿಲು ಹಾಕಿಸಿದರು. ಒಳ್ಳೆಯ ಮನುಷ್ಯರೇ, ಆದರೆ ಅವರಿಗೂ ಮೇಲಿನವರಿದ್ದಾರೆ. "ನೋಡಮ್ಮಾ, ಗುರುವಾರ ಬಂದಿದ್ದು ಗುರುವಾರದ ಅಳತೆ. ಅದಕ್ಕೆ ಸೈನ್ ಹಾಕು ಸಾಕು. ಹೊರಗಿನವರು ಅಳೆಯೋದು ಇನ್ನು ಆರು ತಿಂಗಳಿಗೆ. ಅಷ್ಟರಲ್ಲಿ ನಿಜವಾಗ್ಲೂ ಇಪ್ಪತ್ತು ಮಾಡಿದ್ರಾಯ್ತು."

ಉಳಿದವರು ಇವಳ ಮುಖವನ್ನೇ ನೋಡುತ್ತಿದ್ದರು. ಅವರಲ್ಲಿ ಒಬ್ಬನ ಮಗಳಿಗೆ ಆಗಷ್ಟೇ ಕಾಲೇಜು ಸಿಕ್ಕಿತ್ತು, ಒಬ್ಬಳು ಐದು ತಿಂಗಳ ಬಸುರಿ. ನಾನೂ ನೋಡುತ್ತಿದ್ದೆ, ಸುಳ್ಳೇಕೆ ಹೇಳಲಿ, ಹಾಕಿಬಿಡೇ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಅವಳು ಇಪ್ಪತ್ತು ಪಾಯಿಂಟ್ ನಾಲ್ಕನ್ನು ಹೊಡೆದುಹಾಕಿ, ಪಕ್ಕದಲ್ಲಿ ಹದಿನೆಂಟೂವರೆ ಎಂದು ಬರೆದು, ಸೈನ್ ಹಾಕಿದಳು.

ಆಗ ಡಾಕ್ಟರಮ್ಮ ಕಪಾಟಿನಿಂದ ಹಿಂದಿನ ವರ್ಷದ ಒಂದು ತುಂಡು ತೆಗೆದಳು. "ಇದನ್ನೂ ಹೊಸ ಕಿಟಕೀಲಿ ಅಳೀರಿ." ಹದಿನಾರು ಪಾಯಿಂಟ್ ಏಳು ಬಂತು. "ಅಂದ್ರೆ ವರ್ಷದೊಳಗೆ ಹತ್ತಿರ ಹತ್ತಿರ ಎರಡು ಪಾಲು ಏರಿದ್ದು ನಿಜ," ಅಂದಳು ಹುಡುಗಿ. ಯಾರ ಮುಖವನ್ನೂ ನೋಡದೆ, ತನಗೆ ತಾನೇ ಹೇಳಿಕೊಂಡಂತೆ ಅಂದಳು. "ಥ್ಯಾಂಕ್ಸ್ ಮೇಡಂ."

ತಿಂಗಳ ಕೊನೆಗೆ ರೂಮಿಗೆ ಬೀಗ ಬಿತ್ತು. ಮೂವರನ್ನು ಫ್ಯಾಕ್ಟರಿಯೊಳಗೆ ಇಟ್ಟುಕೊಂಡರು, ಉಳಿದವರು ಬೇರೆ ಬೇರೆ ಕಡೆ ಕೆಲಸ ಹುಡುಕಿಕೊಂಡರು. ಬಸುರಿ ಹೆಂಗಸು ಹೋಗುವಾಗ ಇವಳ ಜೊತೆ ಮಾತಾಡದೆ ಹೋದಳು. ಡಾಕ್ಟರಮ್ಮ ದೂರದ ಇನ್ನೊಂದು ಪ್ರಯೋಗಾಲಯಕ್ಕೆ ಹೊರಟಳು. ಗೇಟಿನ ಹತ್ತಿರ "ಬರ್ತೀನಿ ಮೇಡಂ" ಎಂದಷ್ಟೇ ಅಂದಳಂತೆ. ಆ ಮೇಡಂ ಎಂಬ ಮಾತನ್ನು ಇವಳು ಮನೆಗೆ ತಂದು ಎಷ್ಟು ದಿನ ನನಗೆ ಹೇಳಿದಳೋ ಲೆಕ್ಕವಿಲ್ಲ.

ಇವಳನ್ನು ತಯಾರಾದ ಹಲಗೆಗಳನ್ನು ಕೊನೆಯಲ್ಲಿ ಪರೀಕ್ಷಿಸುವ ಕಡೆ ಹಾಕಿದರು. ಅನುಮಾನ ಹೋಗಲಿಲ್ಲ, ಅದು ಅವಳ ಕಡೆಗೇ ತಿರುಗಿತು. ಹಾಲು ಅಳೆದು ಲೋಟವನ್ನೇ ನೋಡುತ್ತ ನಿಲ್ಲುತ್ತಾಳೆ, ಲೋಟ ಸರಿಯೋ ತನ್ನ ಕಣ್ಣು ಸರಿಯೋ ಎಂದು. ಬೀಗ ಎಳೆದು ನೋಡಿ, ಎಳೆದದ್ದು ನಿಜವೇ ಎಂದು ನನ್ನನ್ನು ಕೇಳುತ್ತಾಳೆ. ಮೊದಲಿನ ಜಗಳಗಂಟಿಯೇ ವಾಸಿಯಾಗಿತ್ತು ಎಂದು ಎಷ್ಟೋ ಸಲ ಅನಿಸಿದೆ. ಊರನ್ನೆಲ್ಲ ಅನುಮಾನಿಸುತ್ತಿದ್ದವಳು ಒಂದು ಹಲಗೆ ಮುಂದೆ ತಳ್ಳುವ ಮುಂಚೆ ಹತ್ತು ಸಲ ತನ್ನನ್ನೇ ಕೇಳಿಕೊಳ್ಳುವುದನ್ನು ನೋಡಲಾಗುತ್ತಿರಲಿಲ್ಲ.

ಏಳು ತಿಂಗಳಾದ ಮೇಲೆ ಒಂದು ಪಾರ್ಸೆಲ್ ಬಂತು. ಮೇಲೆ ಇವಳ ಹೆಸರಿಗಿಂತ ಮೊದಲು 'ಅಕ್ಕನಿಗೆ' ಎಂದಿತ್ತು. ಅವಳು ಅದನ್ನು ಬಿಚ್ಚದೆ ಆ ಅಕ್ಷರಗಳನ್ನೇ ನೋಡುತ್ತ ಕೂತಳು. ಕೊನೆಗೆ ನಾನೇ ದಾರ ಕತ್ತರಿಸಿದೆ. ಹತ್ತಿಯೊಳಗೆ ಮೂರು ಹೊಸ ಕಿಟಕಿಗಳು, ಜೊತೆಗೆ ಒಂದು ಚೀಟಿ.

'ಅಕ್ಕ, ಇವು ಇಲ್ಲಿ ಮಾಡಿಸಿದ್ದು. ಮೂರೂ ಸರಿಯಿವೆ ಅಂತ ಅಳೆದವರು ಹೇಳ್ತಾರೆ. ನನಗೆ ನಂಬಿಕೆ ಬರ್ತಿಲ್ಲ. ನೀವು ನೋಡಿ ಹೇಳಿ.'

ಅವಳು ಸೆರಗು ಸರಿಮಾಡಿಕೊಂಡಳು. ಆ ಭಾನುವಾರ ಕಿಟಕಿಯ ಪಕ್ಕ, ನಮ್ಮ ಮನೆಯ ನಿಜವಾದ ಕಿಟಕಿಯ ಪಕ್ಕ, ಮೇಜು ಎಳೆದುಕೊಂಡು ಕೂತಳು. ಅಂಥದ್ದನ್ನೇ ಅಳೆಯಲು ಮಿಲಿಮೀಟರಿನ ಸಣ್ಣ ಸಣ್ಣ ಪಾಲಿಗೂ ಗೆರೆ ಹಾಕಿದ ಭೂತಗನ್ನಡಿ ಅವಳ ಬಳಿಯಿತ್ತು. ಮೊದಲನೆಯದನ್ನು ನೋಡಿ ಚೀಟಿಯಲ್ಲಿ ಬರೆದು ಅಂಗೈಯಿಂದ ಮುಚ್ಚಿದಳು.

"ಈಗ ನೀವು ಅಳೀರಿ. ನನ್ನದನ್ನ ನೋಡ್ಬೇಡಿ."

ಇಪ್ಪತ್ತೆರಡು ವರ್ಷದಲ್ಲಿ ಅವಳು ಅಳೆದದ್ದನ್ನು ಅಳೆಯಲು ನನಗೆ ಕೊಟ್ಟದ್ದು ಅದೇ ಮೊದಲು. ನಾನು ಉಸಿರು ಬಿಗಿಹಿಡಿದು ನೋಡಿದೆ. ಹೇಳಿದೆ. ಅವಳು ಅಂಗೈ ಎತ್ತಿದಳು, ಒಂದೇ ಅಂಕಿ. ಎರಡನೆಯದೂ ಹಾಗೇ. ಮೂರನೆಯದಕ್ಕೆ ನಾನು ಐದು ಮಿಲಿಮೀಟರ್ ಮೇಲೆ ಎರಡು ಗೆರೆ ಎಂದೆ. ಅವಳು ಕೈ ಎತ್ತಲಿಲ್ಲ.

"ಇನ್ನೊಂದ್ಸಲ ನೋಡಿ."

ನೋಡಿದೆ. ಎರಡು ಗೆರೆಯೇ.

ಅಂಗೈ ತೆಗೆದಳು. ಅಲ್ಲಿಯೂ ಎರಡು ಗೆರೆ. ಹುಡುಗಿಯ ಗುಮಾನಿ ನಿಜವಾಗಿತ್ತು, ಮೂರನೆಯ ತೂತು ದೊಡ್ಡದೇ. ನನ್ನ ಹೆಂಡತಿ ಎಷ್ಟೋ ತಿಂಗಳ ಮೇಲೆ ನಕ್ಕಳು.

ಬಿಳಿ ಹಾಳೆಯಲ್ಲಿ ಮೂರು ಅಂಕಿ ಬರೆದು, ಕೆಳಗೆ 'ಅಳತೆ ಮಾಡಿದವರು' ಎಂದು ಬರೆದು ಸೈನ್ ಹಾಕಿದಳು. ಆಮೇಲೆ ಪೆನ್ನನ್ನು ನನ್ನ ಕಡೆ ತಳ್ಳಿದಳು.

"ನಾನ್ಯಾಕೆ?" ಅಂದೆ.

"ಪಾಲಿಶ್ ಪೇಪರ್ ಕೊಟ್ಟವರು ನೀವೇ ಅಲ್ವಾ? ಹಾಕಿ."

ಅವಳ ಸೈನಿನ ಕೆಳಗೆ ನನ್ನದನ್ನೂ ಹಾಕಿದೆ.